ಅಟಾರ್ನಿ ಜನರಲ್ ಯಾರ ವಕೀಲರು?

"ಫೀಸು ಕೊಡೋದು ಸರ್ಕಾರ ಅಂದ ಮೇಲೆ ಸರ್ಕಾರದ ಪರವಾಗಿಯೇ ಮಾತಾಡಬೇಕಲ್ವಾ ಮಾರಾಯ್ರೆ?" ಮುಂಬಯಿಯ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಮೊನ್ನೆ ಕಾರ್ಯಕ್ರಮ ಮುಗಿದ ಮೇಲೆ ಹೀಗೆ ಕೇಳಿದವರು ಫೋರ್ಟಿನಲ್ಲಿ ವಕೀಲಿ ಮಾಡುವ ನಮ್ಮೂರ ಗೆಳೆಯರು. ಮಾತು ಕೇಂದ್ರ ಸರ್ಕಾರದ ಅತಿ ದೊಡ್ಡ ಕಾನೂನು ಸಲಹೆಗಾರರಾದ ಅಟಾರ್ನಿ ಜನರಲ್ ಬಗ್ಗೆ. ನಾನಿದನ್ನು ಖಂಡಿತ ಒಪ್ಪುವುದಿಲ್ಲ.

ಬರೀ ಕೇಸು ನಡೆಸುವುದೇ ಕೆಲಸವಾಗಿದ್ದರೆ ಸಂವಿಧಾನದಲ್ಲಿ ಅವರಿಗಾಗಿ 76ನೇ ವಿಧಿ ಬೇಕಿರಲಿಲ್ಲ. ಅವರ ನಂತರದ ಸರ್ಕಾರಿ ವಕೀಲರಾದ ಸಾಲಿಸಿಟರ್ ಜನರಲ್ ಹುದ್ದೆಯ ಹೆಸರೇ ಅಲ್ಲಿಲ್ಲ. ಅಟಾರ್ನಿ ಜನರಲ್‌ಗೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗುವ ಅರ್ಹತೆ ಇರಬೇಕು. ಸಂಸತ್ತಿನ ಎರಡೂ ಸದನಗಳಲ್ಲಿ ಎದ್ದು ಮಾತಾಡುವ ಹಕ್ಕಿದೆ, ಮತ ಮಾತ್ರ ಇಲ್ಲ.

ನಮ್ಮ ಮುಂಬಯಿಯ ವಕೀಲರೇ ಆಗಿದ್ದ ಎಂ.ಸಿ. ಸೆಟಲ್ವಾಡ್ ದೇಶದ ಮೊದಲ ಅಟಾರ್ನಿ ಜನರಲ್. 1950ರಿಂದ 1963ರವರೆಗೆ ಆ ಹುದ್ದೆಯಲ್ಲಿದ್ದರು. ಎಲ್‌ಐಸಿ ದುಡ್ಡು ಉದ್ಯಮಿ ಮುಂಧ್ರಾ ಅವರ ಕಂಪನಿಗಳ ಷೇರಿಗೆ ಹೋದ ಹಗರಣದ ವಿಚಾರಣೆ 1958ರಲ್ಲಿ ನಡೆಯಿತು. ವಿಚಾರಣಾ ಆಯೋಗದಲ್ಲಿ ಇದ್ದವರು ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಛಾಗ್ಲಾ ಒಬ್ಬರೇ. ಎಲ್ಲವೂ ಜನರೆದುರೇ ನಡೆಯಿತು, ಹೊರಗೆ ನಿಂತವರಿಗೂ ಕೇಳಲೆಂದು ಧ್ವನಿವರ್ಧಕ ಹಾಕಿಸಿದ್ದರು. ಆಯೋಗಕ್ಕೆ ನೆರವಾಗಲು ಬಂದಿದ್ದ ಸೆಟಲ್ವಾಡ್ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿಯವರಿಗೆ ರಕ್ಷಣೆಯಾಗಿ ನಿಲ್ಲಲಿಲ್ಲ. ಅವರ ವಾದ ಸಚಿವರ ವಿರುದ್ಧವೇ ಹೋಯಿತು. ಸಚಿವರು ರಾಜೀನಾಮೆ ಕೊಟ್ಟರು. ಸೆಟಲ್ವಾಡ್ ಇನ್ನೂ ಐದು ವರ್ಷ ಅದೇ ಹುದ್ದೆಯಲ್ಲಿದ್ದರು. ಹಾಗೆ ಇರಗೊಟ್ಟ ಸರ್ಕಾರದ ದೊಡ್ಡತನವನ್ನೂ ಹೇಳಲೇಬೇಕು.

ಇನ್ನೊಂದು ಘಟನೆ ತುರ್ತು ಪರಿಸ್ಥಿತಿಯದು. ವಿಚಾರಣೆಯಿಲ್ಲದೆ ಜೈಲು ಸೇರಿದವರು ಕೋರ್ಟಿಗೆ ಹೋಗಬಹುದೇ ಎಂಬ ಪ್ರಶ್ನೆ. ಹೋಗುವಂತಿಲ್ಲ ಎಂದು ಸರ್ಕಾರದ ಪರ ವಾದಿಸಿದವರು ಅಟಾರ್ನಿ ಜನರಲ್ ನಿರೇನ್ ಡೇ. 21ನೇ ವಿಧಿಯಲ್ಲಿ ಸ್ವಾತಂತ್ರ್ಯದ ಜೊತೆ ಜೀವವೂ ಇದೆಯಲ್ಲ, ನಿಮ್ಮ ವಾದ ಜೀವಕ್ಕೂ ಅನ್ವಯಿಸುತ್ತದೆಯೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು. ಕಾನೂನುಬಾಹಿರವಾಗಿ ಜೀವ ತೆಗೆದರೂ ಕೋರ್ಟು ಅಸಹಾಯಕ ಎಂಬರ್ಥದ ಉತ್ತರ ಬಂತು. ದೇಶದ ಅತಿ ದೊಡ್ಡ ಕಾನೂನು ಸಲಹೆಗಾರರ ಬಾಯಲ್ಲಿ! ಇದನ್ನು ಓದಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. 1976ರ ಏಪ್ರಿಲ್‌ನಲ್ಲಿ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರವಾಗಿಯೇ ತೀರ್ಪು ಕೊಟ್ಟರು, ಖನ್ನಾ ಒಬ್ಬರೇ ಭಿನ್ನವಾಗಿ ಬರೆದರು. ಆ ತೀರ್ಪನ್ನು ಸುಪ್ರೀಂ ಕೋರ್ಟ್ ತಾನೇ ತಳ್ಳಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಕೇಸಿನಲ್ಲಿ.

ಒಬ್ಬರು ಗಟ್ಟಿ, ಇನ್ನೊಬ್ಬರು ಮೆತ್ತಗೆ ಎಂದು ಬಿಟ್ಟುಬಿಡಬೇಕೇ? ನನಗೆ ಹಾಗನ್ನಿಸುವುದಿಲ್ಲ. ರಾಷ್ಟ್ರಪತಿಯವರ ಇಚ್ಛೆ ಇರುವವರೆಗೆ ಮಾತ್ರ ಅಟಾರ್ನಿ ಜನರಲ್ ಅಧಿಕಾರದಲ್ಲಿರುತ್ತಾರೆ. ರಾಷ್ಟ್ರಪತಿ ನಡೆಯುವುದು ಸಂಪುಟದ ಸಲಹೆಯಂತೆ. ಅಂದರೆ ಯಾರಿಗೆ 'ಇದು ತಪ್ಪು' ಎನ್ನಬೇಕೋ ಅವರ ಕೈಯಲ್ಲೇ ಇವರ ಕುರ್ಚಿ. ಸರ್ಕಾರದ ಲೆಕ್ಕ ನೋಡುವ ಸಿಎಜಿಯನ್ನು ತೆಗೆಯಲು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯನ್ನು ತೆಗೆಯುವಷ್ಟೇ ಕಷ್ಟಪಡಬೇಕು. ಕಾನೂನು ನೋಡುವವರಿಗೆ ಆ ರಕ್ಷಣೆ ಯಾಕಿಲ್ಲ?

ಕಕ್ಷಿದಾರನಿಗೆ ವಕೀಲರನ್ನು ಬದಲಾಯಿಸುವ ಹಕ್ಕು ಬೇಡವೇ ಎಂದರು ಗೆಳೆಯರು. ಇರಲಿ, ಕೇಸು ವಾದಿಸಲು ಸರ್ಕಾರ ಬೇಕಾದ ಹಿರಿಯ ವಕೀಲರನ್ನು ಇಟ್ಟುಕೊಳ್ಳಲಿ. ಸಲಹೆ ಕೊಡುವವರಿಗೆ ಮಾತ್ರ ಐದು ವರ್ಷದ ಅವಧಿಯನ್ನು ಕಾನೂನಿನಲ್ಲೇ ಬರೆಯಲಿ. ಅದಕ್ಕೆ ಸಂವಿಧಾನ ತಿದ್ದಬೇಕಾದರೆ ತಿದ್ದಲಿ.