ಮಿರ್ಚಿಯ ಮೆಣಸಿನಕಾಯಿ ನನ್ನ ಪಾಲಿಗೆ

ಈಗಿನ ಹುಡುಗರ ಪ್ರೀತಿಗೆ ದುಬಾರಿ ಕೆಫೆಯೇ ಬೇಕು ಅಂತ ಲೇಖನದಲ್ಲಿ ಬರೆದಿದ್ದೀರಿ. ದಾವಣಗೆರೆಗೆ ಒಮ್ಮೆ ಬನ್ನಿ ಸರ್. ನಾನು, ನನ್ನ ಹುಡುಗಿ ಮಾತಾಡಲು ಶುರು ಮಾಡಿ ಎರಡು ತಿಂಗಳಾಯಿತು. ಸಂಜೆ ಕುಂದವಾಡ ಕೆರೆ ಏರಿ ಮೇಲೆ ಸುಮ್ನೆ ಒಂದು ಸುತ್ತು, ಆಮೇಲೆ ಖಾರ ಮಂಡಕ್ಕಿ, ಎರಡು ಮಿರ್ಚಿ. ಅವಳು ಮೇಲಿನ ಹಿಟ್ಟಷ್ಟೇ ತಿಂದು ಮೆಣಸಿನಕಾಯಿ ನನ್ನ ಕಡೆ ತಳ್ಳುತ್ತಾಳೆ. ಕಣ್ಣಲ್ಲಿ ನೀರು ಬಂದರೂ ತಿನ್ನುತ್ತೇನೆ, ಏನು ಮಾಡೋದು!

ಅವಳದು ಚಿತ್ರದುರ್ಗ. ಭಾನುವಾರ ಊರಿಗೆ ಹೋದರೆ ಕೋಟೆ ಮೇಲಿಂದ ಫೋನ್ ಮಾಡುತ್ತಾಳೆ, ಅರ್ಧ ಮಾತು ಗಾಳಿಗೇ ಹೋಗುತ್ತದೆ. ಬೇರೆ ಜಿಲ್ಲೆ ಹುಡುಗಿ ಅಂತ ಗೆಳೆಯರು ರೇಗಿಸುತ್ತಾರೆ. 1997ರವರೆಗೆ ಎರಡೂ ಒಂದೇ ಜಿಲ್ಲೆ ಆಗಿತ್ತು ಅಲ್ವಾ? ಮನೆಯಲ್ಲಿ ಇನ್ನೂ ಹೇಳಿಲ್ಲ. ಬೆಣ್ಣೆ ದೋಸೆ ಬಿಲ್ ಮಾತ್ರ ಜಾಸ್ತಿ ಆಗುತ್ತಿದೆ, ಅದನ್ನು ಒಪ್ಪುತ್ತೇನೆ.