ಮಾತಾಡಿ ಕೊಳ್ಳುವವರು

ಇಂಗ್ಲಿಷಿನಲ್ಲಿ ‘ಕಾರ್ಟೆಲೈಸ್’ ಎಂಬ ಕ್ರಿಯಾಪದವಿದೆ. ಒಂದೇ ಸರಕಿನ ವ್ಯಾಪಾರಿಗಳು ಪೈಪೋಟಿಯನ್ನು ಬದಿಗಿಟ್ಟು, ಬೆಲೆಯನ್ನೋ ಪೂರೈಕೆಯನ್ನೋ ತಮ್ಮತಮ್ಮಲ್ಲೇ ಗೊತ್ತುಮಾಡಿ ಕೂಟ ಕಟ್ಟುವುದು ಎಂದು ಅದರ ಅರ್ಥ. ಇಂಥ ಪದ ಕನ್ನಡದಲ್ಲಿಲ್ಲವೆಂದು ಕೊರಗುವ ಪಂಡಿತರು, ಕೊಯ್ಲು ಮುಗಿದ ಫೆಬ್ರವರಿಯಲ್ಲಿ ಚಿಕ್ಕಮಗಳೂರಿಗೆ ಬಂದು ಐದು ಮೂಟೆ ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು, ಮಾರಿ ನೋಡಬೇಕು.

ಮೊನ್ನೆ ನಾನು ಮಾರಲು ಹೋದೆ. ಮೊದಲ ಅಂಗಡಿಯವರು ಸ್ಯಾಂಪಲ್ಲನ್ನು ಅಂಗೈಯಲ್ಲಿ ಉರುಳಿಸಿ, ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, ತೇವಾಂಶ ನೋಡಿ, ಸಿಪ್ಪೆ ತೆಗೆದರೆ ಎಷ್ಟು ಬೀಜ ಉಳಿಯುತ್ತದೆಂಬ ಔಟ್‌ಟರ್ನ್ ಲೆಕ್ಕ ಹಾಕಿ, ಬಹಳ ಹೊತ್ತು ಯೋಚಿಸಿ ಒಂದು ರೇಟು ಹೇಳಿದರು. ಎರಡನೆಯವರು ಕಾಳು ಕಡಿಯಲಿಲ್ಲ, ಅದೇ ರೇಟು. ಮೂರನೆಯವರು ಚೀಲದ ಬಾಯನ್ನೂ ಬಿಚ್ಚಿಸದೆ, ರೂಪಾಯಿ ತಪ್ಪದಂತೆ ಅದನ್ನೇ ಹೇಳಿದರು. ಇಷ್ಟು ಕರಾರುವಾಕ್ಕಾದ ಜ್ಯೋತಿಷಿ ನಮ್ಮ ಜಿಲ್ಲೆಯಲ್ಲಿ ಬೇರೆ ಇಲ್ಲ. ಕಾರಣ ಕೇಳಿದರೆ, “ಲಂಡನ್ ಬಿದ್ದಿದೆ” ಎಂದರು. ಆಗ ಇಲ್ಲಿ ಹತ್ತೂವರೆ. ಲಂಡನ್ನಿನಲ್ಲಿ ಬೆಳಗಿನ ಜಾವ ಐದು, ರೊಬಸ್ಟಾ ದರಕ್ಕೆ ಎಲ್ಲರೂ ಕಿವಿಗೊಡುವ ಅಲ್ಲಿಯ ಮಾರುಕಟ್ಟೆ ಇನ್ನೂ ಹೊದ್ದು ಮಲಗಿತ್ತು.

ಮೂಟೆಯನ್ನು ಮತ್ತೆ ಜೀಪಿಗೆ ಎತ್ತುತ್ತಿದ್ದ ಹಮಾಲಿ, “ಮಾತಾಡ್ಕಂಡವ್ರೆ ಸಾರ್” ಎಂದ.

ನಿಘಂಟುಕಾರರು ಗಮನಿಸಬೇಕಾದ ಪದವಿದು. ‘ಕೊಳ್ಳು’ ಎಂದರೆ ಖರೀದಿಸು. ಮತ್ತೊಂದು ಕ್ರಿಯಾಪದಕ್ಕೆ ಅಂಟಿದರೆ ‘ತನಗಾಗಿ’, ‘ತಮ್ಮತಮ್ಮಲ್ಲಿ’ ಎಂದೂ ಆಗುತ್ತದೆ. ಮಾತಾಡಿ, ತಮ್ಮಲ್ಲೇ, ತಮಗಾಗಿ ಕೊಳ್ಳುವುದು: ಇಂಥ ಕೂಟವನ್ನು ವಿವರಿಸಲು 2002ರ ಸ್ಪರ್ಧಾ ಕಾಯಿದೆಗೆ ಒಂದು ಪ್ಯಾರಾ ಹಿಡಿದದ್ದನ್ನು ಹಮಾಲಿ ಮೂಟೆ ಹೊತ್ತುಕೊಂಡೇ ಮುಗಿಸಿದ್ದ. ಯುರೋಪಿನಲ್ಲಿ ‘ಕಾರ್ಟೆಲ್’ ಎಂದರೆ ಮೊದಲು ದ್ವಂದ್ವಯುದ್ಧಕ್ಕೆ ಕರೆಯುವ ಪತ್ರ, ಆಮೇಲೆ ಶತ್ರುಗಳು ಸೆರೆಯಾಳುಗಳನ್ನು ಅದಲುಬದಲು ಮಾಡಿಕೊಳ್ಳುವ ಕರಾರು. 19ನೇ ಶತಮಾನದಲ್ಲಿ ಜರ್ಮನರ ಕೈಗೆ ಬಿದ್ದು ಅದು ವ್ಯಾಪಾರಕ್ಕಿಳಿಯಿತು. ನಮ್ಮ ಪದಕ್ಕೆ ಇಷ್ಟು ಅಲೆದಾಟವಿಲ್ಲ, ಹುಟ್ಟಿದ್ದೇ ಅಂಗಡಿ ಜಗಲಿಯ ಮೇಲೆ.

ಕಾಯಿದೆ ಸುಮ್ಮನೆ ಕೂತಿಲ್ಲ ಎನ್ನುವವರಿದ್ದಾರೆ. ಸ್ಪರ್ಧಾ ಆಯೋಗ 2012ರಲ್ಲಿ ಸಿಮೆಂಟ್ ಕಂಪನಿಗಳಿಗೆ 6,000 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ಹಾಕಿತು; ಮೇಲ್ಮನವಿಯಲ್ಲಿ ಅದು ಬಿದ್ದುಹೋದಾಗ 2016ರಲ್ಲಿ ಮತ್ತೆ ಹಾಕಿತು. ಕೂಟದಲ್ಲಿದ್ದು ಮೊದಲು ಬಾಯಿಬಿಟ್ಟವನಿಗೆ ದಂಡ ಪೂರ್ತಿ ಮಾಫಿಯಾಗುವ ಅವಕಾಶವೂ ಇದೆ. ಆದರೆ ಮಾತೆಲ್ಲ ಬೆಳಿಗ್ಗೆಯೇ ಆಡಿ ಮುಗಿಸಿದವರು ಮತ್ತೆ ಬಾಯಿಬಿಡುವುದಾದರೂ ಏಕೆ?

ಕಾಳು ಕಡಿದು ನೋಡಿದ ಶ್ರಮಕ್ಕಾದರೂ ಮರ್ಯಾದೆ ಸಲ್ಲಲೆಂದು ಮೊದಲ ಅಂಗಡಿಗೇ ಮರಳಿದೆ. ಅಷ್ಟರಲ್ಲಿ ಮೂಟೆಗೆ ಐವತ್ತು ರೂಪಾಯಿ ಇಳಿದಿತ್ತು. ಲಂಡನ್ ಈಗಷ್ಟೇ ಎದ್ದಿತಂತೆ.