ಇನ್ನೆರಡು ನಿಮಿಷ ಬಿಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಇಪ್ಪತ್ತೆರಡು ನಿಮಿಷದ ಚಿತ್ರ. ಅಷ್ಟನ್ನೂ ತೋರಿಸಲಾಗದಿದ್ದರೆ ಜನರನ್ನು ಏಕೆ ಕರೆಯುತ್ತೀರಿ ಸ್ವಾಮಿ?

ಅಮೆರಿಕದ ಹಾಸ್ಯನಟ ಬಸ್ಟರ್ ಕೀಟನ್‌ನ 1921ರ ಮೂಕಿ ಚಿತ್ರ ‘ದಿ ಪ್ಲೇಹೌಸ್’, ಭಾನುವಾರ ಸಂಜೆ ಐದೂವರೆಗೆ, ಬಡಾವಣೆಯ ಸಭಾಂಗಣದಲ್ಲಿ ಎಂದು ಕರಪತ್ರ ಹಂಚಿದ್ದರು. ಮುಖ್ಯ ಅತಿಥಿಗಳು ದಯಮಾಡಿಸಿದ್ದು ಆರೂಕಾಲಿಗೆ. ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಹಣ್ಣಿನ ಬುಟ್ಟಿ, ಪ್ರಾಸ್ತಾವಿಕ ನುಡಿ. ಏಳು ಗಂಟೆ ದಾಟಿತು. ಮೂಕಿ ಚಿತ್ರಕ್ಕೆ ಇಷ್ಟು ಮಾತು!

ಚಿತ್ರ ಶುರುವಾದ ಮೇಲೆ ಕೋಪ ಇಳಿಯಿತು, ಸುಳ್ಳೇಕೆ ಹೇಳಲಿ. ಟಿಕೆಟ್ ಕೊಳ್ಳುವವನು ಕೀಟನ್, ವಾದ್ಯ ನುಡಿಸುವವರೆಲ್ಲ ಅವನೇ, ವೇದಿಕೆಯ ಮೇಲೆ ಸಾಲಾಗಿ ಕುಳಿತ ಒಂಬತ್ತು ಮಂದಿಯೂ ಅವನೇ, ನಾಟಕಶಾಲೆಯ ಬಾಕ್ಸ್ ಸೀಟಿನಲ್ಲಿ ಕುಳಿತ ಅಜ್ಜಿಯೂ ಅವನೇ. ಕಂಪ್ಯೂಟರ್ ಇಲ್ಲದ ಕಾಲ. ಮಸೂರದ ಮುಂದೆ ಒಂದೊಂದೇ ಕಿಂಡಿ ತೆರೆದು ಚಿತ್ರೀಕರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮತ್ತೆ ಮೊದಲಿನಿಂದ. ಛಾಯಾಗ್ರಾಹಕ ಎಲ್ಜಿನ್ ಲೆಸ್ಲಿ ಪ್ರತಿ ಸಲವೂ ಕೈಯಿಂದಲೇ, ಅದೇ ವೇಗದಲ್ಲಿ ಹಿಡಿಕೆ ತಿರುಗಿಸಬೇಕಿತ್ತು. ಅಷ್ಟು ಸಲ ಹಿಂದಕ್ಕೆ ಸುತ್ತಲು ಅವರಿಗೆ ಪುರುಸೊತ್ತಿತ್ತು. ಒಂದೇ ಸಲ ಕೊನೆಯವರೆಗೆ ಓಡಿಸಲು ನಮ್ಮವರಿಗೆ ಇರಲಿಲ್ಲ.

ಅದೆಲ್ಲ ಕನಸು, ಎಚ್ಚರವಾದರೆ ಕೀಟನ್ ರಂಗಮಂದಿರದ ಕೆಲಸದಾಳು. ಅಲ್ಲಿನ ಅವಳಿ ಸೋದರಿಯರಲ್ಲಿ ಒಬ್ಬಳ ಮೇಲೆ ಮನಸ್ಸು, ಯಾರು ಯಾರೆಂದು ತಿಳಿಯದೆ ಪೇಚಾಟ. ಕೊನೆಗೆ ನೀರಿನ ತೊಟ್ಟಿ ಒಡೆದು ನಾಟಕಶಾಲೆಯೇ ಕೆರೆಯಾಗುತ್ತದೆ. ಅವನು ದೊಡ್ಡ ಡೋಲಿನಲ್ಲಿ ಕುಳಿತು, ಪಿಟೀಲನ್ನೇ ಹುಟ್ಟು ಮಾಡಿಕೊಂಡು ತೇಲುತ್ತಿದ್ದಾನೆ, ಮುಂದಿನ ಸಾಲಿನ ಮಕ್ಕಳು ಕುರ್ಚಿ ಬಿಟ್ಟೆದ್ದು ನಗುತ್ತಿದ್ದಾರೆ. ಟಕ್ ಎಂದು ದೀಪ ಹೊತ್ತಿತು.

‘ಸಮಯದ ಅಭಾವದಿಂದ...’

ಅಭಾವವಂತೆ! ವಂದನಾರ್ಪಣೆ ಹನ್ನೊಂದು ನಿಮಿಷ ನಡೆಯಿತು, ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಮೈಕಿನವರಿಗೆ, ಕುರ್ಚಿ ಕೊಟ್ಟವರಿಗೆ, ಬರಲಾಗದಿದ್ದವರಿಗೂ ವಂದನೆ. ಎದ್ದು ಹೋಗಿ ಕೇಳಿದರೆ ಸಂಘಟಕರು ನಗುನಗುತ್ತಲೇ, ‘ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ, ಮನೆಯಲ್ಲಿ ನೋಡಿಕೊಳ್ಳಿ’ ಎಂದರು. ವಂದನಾರ್ಪಣೆಯನ್ನೇ ಮೊಬೈಲಿಗೆ ಕಳುಹಿಸಬಹುದಿತ್ತಲ್ಲ? ಮನೆಯಲ್ಲಿ ಕೇಳಿಕೊಳ್ಳುತ್ತಿದ್ದೆವು.

ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ನಮ್ಮ ಬೀದಿಯ ಅಜ್ಜಿಯೊಬ್ಬರು ತೋಳು ಹಿಡಿದು ಕೇಳಿದರು: ‘ಕೊನೆಗೆ ಅವನಿಗೆ ಯಾವಳು ಸಿಕ್ಕಳಪ್ಪ?’

ಮೆಟ್ಟಿಲ ಮೇಲೆ ಕುಳಿತು ಮೊಬೈಲಿನಲ್ಲಿ ಹುಡುಕಿ ತೋರಿಸಿದೆ. ಮದುವೆ ಮಾಡಿಸುವವನ ಬಳಿಗೆ ಕೀಟನ್ ಒಬ್ಬಳನ್ನು ಎಳೆದೊಯ್ಯುತ್ತಾನೆ. ನೋಡಿದರೆ ಅವಳಲ್ಲ, ಇನ್ನೊಬ್ಬಳು. ವಾಪಸು ಓಡಿ ತನ್ನವಳನ್ನು ಕರೆತರುತ್ತಾನೆ. ಮತ್ತೆ ಎಡವಟ್ಟಾಗದಿರಲಿ ಎಂದು ಅವಳ ಕುತ್ತಿಗೆಯ ಹಿಂದೆ ಬಣ್ಣದಲ್ಲಿ ಕತ್ತರಿ (X) ಗುರುತು ಬಳಿಯುತ್ತಾನೆ. ಎಲ್ಲರೂ ಒಂದೇ ಥರ ಕಾಣುವ ಗೊಂದಲದಿಂದ ಶುರುವಾದ ಚಿತ್ರ ಆ ಒಂದು ಗುರುತಿಗಾಗಿಯೇ ಅಷ್ಟು ಹೊತ್ತು ಓಡಿದ್ದು. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ‘ಇನ್ನೊಮ್ಮೆ ಹಾಕು’ ಎಂದರು.

ಒಳಗೆ ಇನ್ನೂ ಯಾರಿಗೋ ಶಾಲು ಹೊದಿಸುತ್ತಿದ್ದರು.